ಆಚೆ ತುದಿಯ ಹಿಡಿಕೆ

ಎಲ್ಲರೂ ಅವನನ್ನು ನೇರಪ್ಪ ಎಂದು ಕರೆಯುತ್ತಿದ್ದರು. ಅವನು ಕೊಯ್ದ ಹಲಗೆ ನೇರವಾಗಿರುತ್ತಿತ್ತು, ಬಾಯಿಂದ ಬರುವ ಮಾತು ಅದಕ್ಕಿಂತ ನೇರವಾಗಿರುತ್ತಿತ್ತು. ಹಲಗೆಯಲ್ಲಿ ಮಾತ್ರ ಒಂದು ಕೊಂಕಿತ್ತು. ಮಾರುದ್ದಕ್ಕೊಂದರಂತೆ ಸಣ್ಣ ಅಲೆ. ಕಣ್ಣಿಗೆ ಕಾಣುವಂಥದ್ದಲ್ಲ, ಅಂಗೈ ಆಡಿಸಿದರೆ ಸಿಗುವಂಥದ್ದು. ಯಾರಾದರೂ ಕೇಳಿದರೆ ಗದ್ದ ಎತ್ತಿ ಹೆಂಡತಿಯ ಕಡೆ ತೋರಿಸುತ್ತಿದ್ದ.

ಗಂಡ ಹೆಂಡತಿ ಇಬ್ಬರದೂ ಹಿತ್ತಲಲ್ಲೇ ಕೆಲಸ. ಗಾಳಿಗೆ ಬಿದ್ದ ಮರ, ಯಾರದೋ ಗೋಡೆಗೆ ಒರಗಿದ ಮರ, ಎಲ್ಲವೂ ದಿಮ್ಮಿಯಾಗಿ ಅಲ್ಲಿಗೆ ಬಂದು ಬೀಳುತ್ತಿದ್ದವು. ಮೊದಲ ಕೊಯ್ತಕ್ಕೆ ದಿಮ್ಮಿಯ ಬೆನ್ನ ಮೇಲೆ ಒಂದು ಏಣಿ ಮಲಗಿಸಿ ಮೊಳೆ ಹೊಡೆದು, ಅದರ ಮೇಲೆ ಗರಗಸದ ಚೌಕಟ್ಟನ್ನು ಜಾರಿಸಿಕೊಂಡು ಹೋಗಬೇಕು. ಆಮೇಲೆ ಕೊಯ್ದ ಮುಖವೇ ಮುಂದಿನ ಹಲಗೆಗೆ ದಾರಿ. ಚೈನ್ ಗರಗಸದ ಎಂಜಿನ್ ಇರುವ ತುದಿ ಅವನದು. ಸರಪಳಿ ಓಡುವ ಉದ್ದನೆಯ ಪಟ್ಟಿಯ ಆಚೆ ತುದಿಗೆ ಬೋಲ್ಟ್ ಹಾಕಿ ಕೂರಿಸಿದ ಹಿಡಿಕೆ ಅವಳದು. ಇಬ್ಬರೂ ಸಮನಾಗಿ ತಳ್ಳಬೇಕು. ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚದಂತೆ ಹಿಂದಿನಿಂದ ಬೆಣೆ ಬಡಿಯಬೇಕು. ಬೆಣೆಯ ಕೆಲಸವೂ ಅವಳ ಪಾಲಿಗೇ.

ಸದ್ದು ತಡೆಯುವ ಮುಚ್ಚಳ ಕಿವಿಗೆ ಏರಿಸಿದ ಮೇಲೆ ಮಾತಿಲ್ಲ ಕತೆಯಿಲ್ಲ. ಎಂಜಿನ್ ನಿಂತದ್ದೇ ತಡ, ಅವನು ಹಲಗೆ ಸವರಿ ಶುರುಮಾಡುತ್ತಿದ್ದ. ಕಾಲು ಬದಲಿಸುವಾಗ ಕೈ ಸಡಿಲ ಬಿಡುತ್ತಾಳೆ, ಗಮನ ಎಲ್ಲೋ ಇರುತ್ತದೆ, ಇವಳ ಕೈಗೆ ಕೊಟ್ಟರೆ ಗಾಜೂ ಅಂಕುಡೊಂಕಾದೀತು ಎನ್ನುತ್ತಿದ್ದ. ಅವಳು ಮೈಮೇಲಿನ ಹೊಟ್ಟು ಕೊಡವಿಕೊಂಡು ನಗುತ್ತಿದ್ದಳು. ಅಷ್ಟು ಬೈಸಿಕೊಂಡೂ ಒಬ್ಬಳು ನಗುತ್ತಾಳೆಂದರೆ ಏನೋ ಕಾರಣ ಇರಬೇಕು ಎಂದು ಈ ಗಂಡಸರಿಗೆ ಯಾಕೆ ಹೊಳೆಯುವುದಿಲ್ಲವೋ ಕಾಣೆ.

ಅವಳು ಒಂದು ಜ್ವರದಲ್ಲಿ ಹೋಗಿಬಿಟ್ಟಳು. ಬಹಳ ಕಾಲ ಅವನು ಗರಗಸ ಮುಟ್ಟಲಿಲ್ಲ. ಮತ್ತೆ ಶುರುಮಾಡಿದಾಗ ಒಬ್ಬನೇ ತಳ್ಳಿದ, ಒಬ್ಬನೇ ಓಡಾಡಿ ಬೆಣೆ ಬಡಿದ. ಎರಡು ಬೀದಿ ಆಚೆ ಬಟ್ಟೆ ಹೊಲಿದುಕೊಂಡಿದ್ದ ಮಗಳು ಬಂದು, ಇದು ಒಬ್ಬರ ಕೆಲಸವಲ್ಲ, ಒಬ್ಬ ಆಳನ್ನಾದರೂ ಇಟ್ಟುಕೋ ಎಂದು ಗೋಗರೆದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಸಲದ ಹಲಗೆಗಳನ್ನು ಒಯ್ಯಲು ಬಡಗಿ ಬಂದ. ಹಳೆಯ ಗಿರಾಕಿ, ಬಾಯಿಗೆ ಬೀಗವಿಲ್ಲದವನು. ಅಂಗೈ ಆಡಿಸುತ್ತಾ ಬಂದವನು ಒಂದು ಕಡೆ ನಿಂತು ನಕ್ಕ.

“ಅಕ್ಕ ಇನ್ನೂ ಆಚೆ ತುದಿ ಬಿಟ್ಟಿಲ್ವಲ್ಲಪ್ಪ.”

ತಮಾಷೆಗೆ ಅಂದದ್ದು. ನೇರಪ್ಪನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ, ಆದರೆ ಆಡಿದ ಮಾತು ಆಡಿಯಾಗಿತ್ತು. ನೇರಪ್ಪ ಕೈಯಿಟ್ಟು ನೋಡಿದ. ಅಲೆ ಇತ್ತು. ಮಾರು ದಾಟಿದರೆ ಮತ್ತೊಂದು ಇತ್ತು.

ಮೊದಮೊದಲು ಅವನಿಗೆ ಹೆದರಿಕೆಯಾಯಿತು. ಕತ್ತಲಾದರೆ ಹಿತ್ತಲ ಬಾಗಿಲ ಕಡೆ ತಲೆ ಹಾಕುತ್ತಿರಲಿಲ್ಲ. ಬರಬರುತ್ತಾ ಹೆದರಿಕೆ ಹೋಗಿ ಅದೇ ಆಸೆಯಾಯಿತು. ಗರಗಸ ಓಡುವಾಗ ಆಚೆಯಿಂದ ಯಾರೋ ಮೆಲ್ಲಗೆ ಎಳೆದ ಹಾಗೆ ಅನ್ನಿಸುತ್ತಿತ್ತು. ದಿನಾ ಬೆಳಿಗ್ಗೆ ಆ ಹಿಡಿಕೆಯನ್ನು ಒರೆಸಿಡುತ್ತಿದ್ದ, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಬೈಗುಳವಿಲ್ಲ. ಹಲಗೆ ಸವರಿ, ಅಲೆ ಸಿಕ್ಕಿದ ಕಡೆ ಕೈಯನ್ನು ಸುಮ್ಮನೆ ಇಟ್ಟುಕೊಂಡು ಕೂರುತ್ತಿದ್ದ. ಅವಳ ಕೈ ಆಡಿದ ಹಲಗೆಯನ್ನು ಮಾರುವುದು ಹೇಗೆ? ಒಂದರ ಮೇಲೊಂದು ಪೇರಿಸಿದ. ಅಟ್ಟಿ ಬೆಳೆದು ಅಡುಗೆಮನೆಯ ಕಿಟಕಿ ಮುಚ್ಚಿತು, ಹಗಲಲ್ಲೂ ದೀಪ ಹಚ್ಚಬೇಕಾಯಿತು. ಮನೆಯಿಡೀ ಹಸಿ ಮರದ ವಾಸನೆ. ಗೆದ್ದಲು ಹಿಡಿದ ದಿಮ್ಮಿ ಸಿಕ್ಕರೂ ತಂದು ಕೊಯ್ದ.

ಒಂದು ಮಧ್ಯಾಹ್ನ ಬೆಣೆ ಸಿಡಿದು, ದಿಮ್ಮಿ ಹೊರಳಿ ಅವನ ಕಾಲಿನ ಮೇಲೆ ಬಂತು. ಮಗಳು ಬಂದಾಗ ಮೊಣಕಾಲಿನ ಕೆಳಗೆ ರಕ್ತ ಸುರಿಯುತ್ತಿತ್ತು, ಅಪ್ಪ ನಗುತ್ತಿದ್ದ.

“ನಿಮ್ಮಮ್ಮ ಹಿಡ್ಕೊಂಡ್ಲು. ಇಲ್ಲಾಂದಿದ್ರೆ ಕಾಲೇ ಹೋಗ್ತಿತ್ತು.”

ಮಗಳು ಗಾಯಕ್ಕೆ ಬಟ್ಟೆ ಬಿಗಿದಳು. ಅವಳಿಗೆ ಒಂದು ವಿಷಯ ಗೊತ್ತಿತ್ತು, ಅಮ್ಮನ ಮಾತಿಗೆ ಕಟ್ಟುಬಿದ್ದು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಹೇಳಿದರೆ ಅಪ್ಪನ ಪಾಲಿಗೆ ಅಮ್ಮ ಇನ್ನೊಮ್ಮೆ ಸಾಯುತ್ತಾಳೆ. ಹೇಳದಿದ್ದರೆ ಮುಂದಿನ ದಿಮ್ಮಿ ಅಪ್ಪನನ್ನೇ ತೆಗೆದುಕೊಳ್ಳುತ್ತದೆ.

ಗಾಯ ಮಾಗುವವರೆಗೆ ಕಾದಳು. ಅವನು ಮತ್ತೆ ಗರಗಸ ಎತ್ತಿದ ದಿನ ಬಂದು ಆಚೆ ತುದಿಯಲ್ಲಿ ನಿಂತು ಹಿಡಿಕೆ ಹಿಡಿದಳು. ಬಿಡು ಎಂದು ಗದರಿದ. ಒಂದೇ ಒಂದು ಹಲಗೆ ಎಂದಳು. ಮಗಳ ಹಠ ಅವನದೇ ಹಠ, ಸೋತ. ಇಬ್ಬರೂ ತಳ್ಳುತ್ತಾ ತುದಿ ಮುಟ್ಟಿಸಿದರು. ಎಂಜಿನ್ ನಿಲ್ಲಿಸಿ ಅವನು ಹಲಗೆ ಸವರಿದ. ಅಲೆ ಸಿಕ್ಕಿತು.

“ನೋಡಿದ್ಯಾ? ಹಿಡಿಕೆ ಹಿಡಿದೋಳು ನೀನು. ಅಲೆ ಮಾತ್ರ ಅವಳದೇ.”

“ಅಲ್ಲಪ್ಪ, ಅದು ನಿಂದು,” ಎಂದಳು ಮಗಳು. “ನಾಲ್ಕು ಹೆಜ್ಜೆಗೊಂದ್ಸಲ ನೀನು ತಲೆ ಎತ್ತಿ ಈ ಕಡೆ ನೋಡ್ತೀಯ. ನೋಡ್ದಾಗೆಲ್ಲ ನಿನ್ನ ಕಡೆ ಗರಗಸ ಏಳುತ್ತೆ.”

ಅವನು ಅಲೆಯ ಮೇಲೆ ಮತ್ತೆ ಕೈಯಿಟ್ಟು ನೋಡಿದ. ಆಮೇಲೆ, ಅವಳಿಗೆ ಗೊತ್ತಿತ್ತಾ ಎಂದು ಕೇಳಿದ.

“ಗೊತ್ತಿತ್ತು. ಹೇಳಬೇಡ ಅಂದಿದ್ಲು. ಹೇಳಿದ್ರೆ ನನ್ನ ಕಡೆ ನೋಡೋದು ಬಿಟ್ಬಿಡ್ತಾರೆ ಅಂತ.”

ನೇರಪ್ಪ ದಿಮ್ಮಿಯ ಮೇಲೆ ಕೂತ. ಮಗಳಿಗೆ ಹೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು. ಅಷ್ಟರಲ್ಲಿ ಅವನು ಎದ್ದು, ಕಿವಿಯ ಮುಚ್ಚಳ ಏರಿಸಿ, ಇನ್ನೊಂದು ಎಂದು ಸನ್ನೆ ಮಾಡಿದ. ಈ ಸಲ ಅವನ ಕಣ್ಣು ಗರಗಸದ ಹಲ್ಲುಗಳಿಂದ ಕದಲಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಒಮ್ಮೆಯೂ ತಲೆ ಎತ್ತಲಿಲ್ಲ, ಕತ್ತಿನ ನರ ಉಬ್ಬಿಬಂದವು.

ಗರಗಸ ನಿಂತಿತು. ಅವನು ಕೈಗವಸು ಕಳಚಿ ಬರಿಗೈಯಲ್ಲಿ ಹಲಗೆ ಸವರುತ್ತಾ ಹೋದ. ಕೊನೆ ಮುಟ್ಟಿ, ಹಿಂದಕ್ಕೆ ಬಂದು, ಇನ್ನೂ ನಿಧಾನವಾಗಿ ಮತ್ತೊಮ್ಮೆ ಸವರಿದ. ಎಲ್ಲೂ ಏನೂ ತಡೆಯಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ನೇರವಾದ ಹಲಗೆ ಬಿದ್ದಿರಲಿಲ್ಲ.

“ಇಲ್ಲ ಕಣಮ್ಮ,” ಎಂದ, ಹಲಗೆಯ ಮೇಲಿನಿಂದ ಕೈ ತೆಗೆಯದೆ. “ಅವಳು ಇಲ್ಲ.”

ಹೆಂಡತಿ ಸತ್ತ ಮೇಲೆ ಅವನು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.