ಕುಂಕುಮ ಹಚ್ಚಿದ ಕಾಡತೂಸು

ನನ್ನ ಒಗ್ಗರಣೆ ಸೌಟಿನಲ್ಲಿ ಸೀಸ ಕರಗಿಸಿದ್ದಕ್ಕೆ ನಮ್ಮವರನ್ನು ನಾನು ಎರಡು ದಿನ ಮಾತಾಡಿಸಿರಲಿಲ್ಲ. ಎಂಬತ್ತರ ದಶಕ ಇನ್ನೂ ಶುರುವಾಗಿರಲಿಲ್ಲ. ಡೊಂಬಿವಲಿಯ ಚಾಳಿನಲ್ಲಿ ನಮ್ಮದು ಒಂದೂವರೆ ಖೋಲಿ. ಅದರಲ್ಲಿ ನಾನು, ನಮ್ಮವರು, ಅತ್ತೆ, ಜೊತೆಗೆ ತೀರಿಹೋದ ಮಾವನವರ ರೈಫಲ್ಲು.

ನಮ್ಮೂರು ಖಾನಾಪುರದ ಕಡೆ, ಹೊಲಕ್ಕೆ ಹಂದಿ ನುಗ್ಗುತ್ತವೆಂದು ಮಾವನವರು ಲೈಸೆನ್ಸು ಮಾಡಿಸಿ ತಂದಿದ್ದ ಹಳೆಯ ವಿಲಾಯಿತಿ ರೈಫಲ್ಲು ಅದು. ಹಿಡಿಯ ಕೆಳಗಿನ ಲಿವರನ್ನು ಒಮ್ಮೆ ಮುಂದೆ ತಳ್ಳಿ ಹಿಂದೆಳೆದರೆ ಖಾಲಿ ಕಾಡತೂಸು ಹೊರಗೆ ಹಾರಿ ಹೊಸದು ಒಳಗೆ ಕೂರುತ್ತಿತ್ತು. ಅವರು ಹೋದ ಮೇಲೆ ಲೈಸೆನ್ಸು ನಮ್ಮವರ ಹೆಸರಿಗಾಯಿತು. ಜೊತೆಗೆ ಒಂದು ತಗಡಿನ ಡಬ್ಬಿ ಬಂತು. ಅದರಲ್ಲಿ ಮಾವನವರು ಕೂಡಿಟ್ಟಿದ್ದ, ತಾಮ್ರದ ಕವಚದ ಗುಂಡುಗಳು ಐದೇ ಐದು ಉಳಿದಿದ್ದವು. ಅಂಥವು ಪೇಟೆಯಲ್ಲಿ ಸಿಗುವುದು ಎಂದೋ ನಿಂತುಹೋಗಿತ್ತು.

ಮಾವನವರಿಗೆ ಮಗನ ಮೇಲೆ ಜೀವ. ಆದರೆ ಹೊಗಳಿದರೆ ಎಲ್ಲಿ ಕೆಟ್ಟುಹೋಗುತ್ತಾನೋ ಎಂಬ ಭಯ. "ಇವನ ಕೈಯಾಗ ಒಂದೂ ನೆಟ್ಟಗ ಬರಂಗಿಲ್ಲ" ಎಂಬ ಮಾತನ್ನು ದಿನಾ ಊಟಕ್ಕೆ ಉಪ್ಪಿನಕಾಯಿ ಬಡಿಸಿದಂತೆ ಬಡಿಸುತ್ತಿದ್ದರು. ಅಂಬರನಾಥದ ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತು ಕೂದಲೆಳೆಯಷ್ಟೂ ತಪ್ಪದಂತೆ ಕೆಲಸ ಮಾಡುವ ಮನುಷ್ಯ, ಮನೆಯಲ್ಲಿ ಆ ಮಾತು ಕೇಳಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸೊಸೆಯಿಂದ ಏನು ಮಾಡಲಿಕ್ಕಾಗುತ್ತದೆ, ಸಾರಿಗೆ ಖಾರ ಜಾಸ್ತಿ ಹಾಕುತ್ತಿದ್ದೆ.

ಮಾವನವರು ತೀರಿಕೊಂಡ ಮರುವರ್ಷ ಇವರು ಲೇಥಿನಲ್ಲಿ ಒಂದು ಅಚ್ಚು ಮಾಡಿಕೊಂಡರು. ಕಲ್ಯಾಣದ ಗುಜರಿ ಅಂಗಡಿಯವನಿಂದ ಸೀಸ ತಂದು ನನ್ನ ಸೌಟಿನಲ್ಲಿ ಕರಗಿಸಿದರು. ಆ ರೈಫಲ್ಲಿನ ನಳಿಗೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸುಗಳು ಒಂದರ ಹಿಂದೊಂದು ಸಾಲಾಗಿ ಕೂರುವುದರಿಂದ ಗುಂಡಿನ ಮೂತಿ ಚೂಪಾಗಿರಬಾರದಂತೆ, ಮುಂದಿನದರ ಬುಡಕ್ಕೆ ಚುಚ್ಚಿ ಒಳಗೇ ಸಿಡಿಯಬಹುದಂತೆ. ಚಪ್ಪಟೆ ಮೂತಿಯ ಐದು ಸೀಸದ ಗುಂಡು ಎರೆದು, ಮೇಲೆ ಜೇನುಮೇಣ ಸವರಿದರು. ಆಮೇಲೆ ತಾವು ಸದಸ್ಯರಾಗಿದ್ದ ರೈಫಲ್ ಕ್ಲಬ್ಬಿನ ಶೆಡ್ಡಿನಲ್ಲಿ, ಅಲ್ಲಿಯ ಪರವಾನಗಿಯ ಮೇಲೆ, ಅಪ್ಪನ ತಾಮ್ರದ ಐದು, ತಮ್ಮ ಸೀಸದ ಐದು, ಎಲ್ಲವನ್ನೂ ತಾವೇ ಕಾಡತೂಸಿಗೆ ಕೂರಿಸಿ ತಂದರು.

"ಎರಡೂ ಹೊಡದ್ ನೋಡ್ತೀನಿ," ಎಂದರು. "ನನ್ನವು ಅಪ್ಪಾರವುಕ್ಕ ಸಮ ಬೀಳಲಿಲ್ಲಾ ಅಂದ್ರ ಈ ರೈಫಲ್ ಇಟಗೊಳ್ಳೋ ಯೋಗ್ಯತಾ ನನಗಿಲ್ಲ. ಠಾಣೆ ಊರಾಗ ಬಂದೂಕಿನ ಅಂಗಡಿಯವಗ ಕೊಟ್ಟ ಬಿಡತೀನಿ."

ಅತ್ತೆಯ ಮುಖ ಸಣ್ಣದಾಯಿತು. ನನಗೆ ರೈಫಲ್ಲು ಹೋದರೆ ಒಂದು ಮೂಲೆ ಖಾಲಿಯಾಗುತ್ತಿತ್ತು. ಆದರೆ ಸತ್ತವರ ಮುಂದೆಯೂ ಇವರು ಸೋಲುವುದು ಬೇಡವಾಗಿತ್ತು.

ನಡುವೆ ಖಂಡೆನವಮಿ ಬಂತು. ನಮ್ಮ ಕಡೆ ಅಂದು ಮನೆಯ ಆಯುಧಕ್ಕೆಲ್ಲ ಪೂಜೆ. ಈಳಿಗೆ, ಕತ್ತರಿ, ಇವರು ಅಳತೆ ನೋಡುವ ವರ್ನಿಯರ್, ರೈಫಲ್ಲು, ಎಲ್ಲಕ್ಕೂ ಕುಂಕುಮವಿಟ್ಟೆ. ಕಾಡತೂಸುಗಳನ್ನು ಮಾತ್ರ ಬಿಡುವುದು ಹೇಗೆ? ಹತ್ತನ್ನೂ ಹಿತ್ತಾಳೆ ತಟ್ಟೆಯಲ್ಲಿ ನಿಲ್ಲಿಸಿ ಒಂದೊಂದರ ಮೂತಿಗೂ ಧಾರಾಳವಾಗಿ ಹಚ್ಚಿದೆ. ಸ್ನಾನ ಮುಗಿಸಿ ಬಂದವರು ನೋಡಿ ತಲೆ ಮೇಲೆ ಕೈ ಹೊತ್ತರು.

"ಇದೇನ್ ಮಾಡೀಯೇ? ಇವೇನು ಮುತ್ತೈದೇರೇನ?"

ಆ ಹೊತ್ತಿಗೇ ಅರಿವೆ ಹಿಡಿದು ಒರೆಸಲು ಕೂತರು. ತಾಮ್ರದವು ಫಳಫಳ ಶುದ್ಧವಾದವು. ಸೀಸದವುಗಳ ಮೇಲೆ ಮೇಣವಿತ್ತಲ್ಲ, ಕುಂಕುಮ ಅದರಲ್ಲಿ ಕಲೆತುಹೋಗಿ ಎಷ್ಟು ತಿಕ್ಕಿದರೂ ಕೆಂಪು ಬಿಡಲಿಲ್ಲ. ಅಂದು ಹೋಳಿಗೆಯನ್ನೂ ಮುಖ ಗಂಟಿಕ್ಕಿಕೊಂಡೇ ತಿಂದರು, ಆದರೆ ನಾಲ್ಕು ತಿಂದರು.

ಮುಂದಿನ ರವಿವಾರ ಬೆಳಿಗ್ಗೆ ಲೋಕಲ್ ರೈಲು ಹತ್ತಿದೆವು. ರೈಫಲ್ಲಿಗೆ ನಾನು ಹಳೆಯ ಜಮಖಾನೆಯಲ್ಲಿ ಗವಸು ಹೊಲಿದಿದ್ದೆ, ಎದುರು ಕೂತ ಅಜ್ಜಿ "ತಂಬೋರಾ ಕಾ?" ಎಂದು ಕೇಳಿದರೆ ಹೌದು, ತಂಬೂರಿಯೇ ಎಂದು ತಲೆಯಾಡಿಸಿದೆ. ಮುಂಬ್ರಾದ ಗುಡ್ಡದ ಹಿಂದೆ ಕ್ಲಬ್ಬಿನವರು ಗುರಿ ಹೊಡೆಯುವ ಮೈದಾನದಲ್ಲಿ ಇವರು ಎರಡು ಗುರಿಯ ಕಾಗದ ನಿಲ್ಲಿಸಿದರು, ಅಪ್ಪನದಕ್ಕೊಂದು, ತಮ್ಮದಕ್ಕೊಂದು. ಹೊಡೆಯುವ ಮೊದಲೇ ಸಮುದ್ರದ ಖಾಡಿಯ ಕಡೆಯಿಂದ ಬೀಸಿದ ಗಾಳಿಗೆ ಒಂದು ಚೌಕಟ್ಟು ಕಾಗದದ ಸಮೇತ ಮಕಾಡೆ ಬಿತ್ತು. ಸಾಲಿನಲ್ಲಿದ್ದ ಎಲ್ಲರೂ ಹೊಡೆದು ಮುಗಿಸುವತನಕ ಯಾರೂ ಗುರಿಯ ಹತ್ತಿರ ಹೋಗಬಾರದೆಂಬ ನಿಯಮ. ಅಲ್ಲಿಯ ಮೇಲ್ವಿಚಾರಕ, ರಿಟೈರಾದ ಹವಾಲ್ದಾರ, "ಏಕಾವರಚ್ ಮಾರಾ ಸಾಹೇಬ, ವೇಳ್ ನಾಹಿ" ಎಂದು ಅವಸರಪಡಿಸಿದ. ಇವರು ಎರಡೂ ಬಗೆಯವನ್ನು ಒಂದೇ ಕಾಗದಕ್ಕೆ ಹೊಡೆದರು.

ಹೋಗಿ ನೋಡಿದರೆ ಒಂದಷ್ಟು ತೂತು ನನ್ನ ಅಂಗೈಯಗಲದಲ್ಲಿ ಒತ್ತೊತ್ತಾಗಿದ್ದವು. ಉಳಿದವು ದಿಕ್ಕಿಗೊಂದು. ಇವರು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು.

"ಅಪ್ಪಾರವು ನೋಡು, ಹೆಂಗ ಕೂಡ್ಯಾವ," ಎಂದರು.

ಈ ಮನುಷ್ಯನ ತಲೆಯಲ್ಲಿ ಮಾವನವರು ಇನ್ನೂ ಊಟಕ್ಕೆ ಕೂತೇ ಇದ್ದಾರಲ್ಲ ಎಂದು ನನಗೆ ಅಳು ಬಂತು. ಕಾಗದ ಬಿಚ್ಚಿ ಬಿಸಿಲಿಗೆ ಹಿಡಿದೆ. ಒತ್ತಾಗಿ ಬಿದ್ದಿದ್ದ ತೂತುಗಳ ಅಂಚಿಗೆಲ್ಲ ತೆಳ್ಳಗೆ ಕೆಂಪು ಬಳೆ ಇತ್ತು.

"ಇಲ್ಲಿ ನೋಡ್ರಿ. ನಿಮ್ಮ ಮುತ್ತೈದೇರು."

ಅವರು ಒಂದೊಂದು ತೂತನ್ನೂ ಬೆರಳಿಂದ ಮುಟ್ಟಿದರು. ಕೆಂಪಿನವು ಐದು. "ಅಪ್ಪಾರವು ಹಳೇವಾಗಿದ್ವು, ಅದಕ್ಕ ಚೆದುರ್ಯಾವ. ಗಾಳೀನೂ ಇತ್ತು," ಎಂದರು. ಗೆದ್ದವರು ಸೋತವರ ವಕೀಲಿ ಮಾಡುವುದನ್ನು ನಾನು ಅಂದೇ ನೋಡಿದ್ದು. ಕೆಂಪಿಲ್ಲದ ತೂತು ಮಾತ್ರ ನಾಲ್ಕೇ ಇದ್ದವು. ಇನ್ನೊಂದೆಲ್ಲಿ ಎಂದರೆ "ಗುರಿ ತಪ್ಪಿರಬೇಕು" ಎಂದು ಆಚೆ ತಿರುಗಿದರು.

ಮನೆಗೆ ಬಂದು ಒಗೆಯಲು ತೆಗೆದ ಅವರ ಪ್ಯಾಂಟಿನ ಕಿಸೆಯಲ್ಲಿ ಅದು ಸಿಕ್ಕಿತು. ಮಾವನವರ ಕೊನೆಯ ತಾಮ್ರದ ಗುಂಡಿನ ಕಾಡತೂಸು, ಹೊಡೆಯದೆ ಉಳಿಸಿಕೊಂಡದ್ದು. ಅದನ್ನು ದೇವರ ಗೂಡಿನಲ್ಲಿಟ್ಟೆ. ರೈಫಲ್ಲು ತನ್ನ ಮೂಲೆ ಬಿಟ್ಟು ಕದಲಲಿಲ್ಲ.

ಮರುದಿನ ಬೆಳಿಗ್ಗೆ ದೀಪ ಹಚ್ಚಲು ಹೋದಾಗ ನೋಡಿದೆ. ಇವರು ಅಷ್ಟು ತಿಕ್ಕಿ ಒರೆಸಿದ್ದ ಆ ತಾಮ್ರದ ಮೂತಿಗೆ ಹೊಸದಾಗಿ ಕುಂಕುಮವಿತ್ತು. ಅತ್ತೆಯನ್ನು ಕೇಳಿದೆ, ತಾವಲ್ಲ ಎಂದರು. ನಮ್ಮವರು ಆಗಲೇ ಆರೂವರೆಯ ಲೋಕಲ್ಲಿಗೆ ಹೋಗಿದ್ದರು. ಅವರು ಕೈ ಒರೆಸಿಕೊಂಡಿದ್ದ ಟವೆಲ್ಲಿನ ಅಂಚಿನಲ್ಲಿ ಒಂದು ಬೆರಳಿನಷ್ಟು ಕೆಂಪಿತ್ತು.