ಮನ್ನಿ ಕೊಯ್ದ ಕುಂಬಳಕಾಯಿ

ನಮ್ಮ ಶ್ರೀಪ್ರಿಯಾ ಮನ್ನಿಗೆ ಕೈಕಟ್ಟಿ ಕೂತು ಗೊತ್ತೇ ಇರಲಿಲ್ಲ. ಅವಳು ನನ್ನ ಅಣ್ಣ ಸುಜಯೀಂದ್ರನ ಹೆಂಡತಿ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ನಾವು ಅತ್ತಿಗೆಯನ್ನು ಇಲ್ಲಿಯವರ ಹಾಗೆ ಮನ್ನಿ ಎಂದೇ ಕರೆಯುವುದು. ಆಫೀಸಿನಿಂದ ಕ್ರೋಂಪೇಟೆಗೆ ಟ್ರೇನಿನಲ್ಲಿ ಬಂದಿಳಿದವಳು ಸೀರೆ ಬದಲಿಸುವ ಮೊದಲೇ ಫ್ಲಾಟಿನ ತಾರಸಿಗೆ ಓಡುತ್ತಿದ್ದಳು. ಅಲ್ಲಿ ಅವಳ ಬದನೆ, ಬೆಂಡೆ, ಒಡೆದ ಬಕೆಟ್ಟಿನಲ್ಲಿ ಪುದೀನ. ತಾರಸಿಗೆ ತಮಿಳಿನಲ್ಲಿ ಮೊಟ್ಟೈಮಾಡಿ ಅನ್ನುತ್ತಾರಲ್ಲ, “ಮೊಟ್ಟೆ ಮುಟ್ಟದೆ ಕೇಕ್ ಮಾಡೋಳು ಮೊಟ್ಟೈಮಾಡಿ ಬಿಟ್ಟು ಇಳಿಯಲ್ಲ ನೋಡು” ಎಂದು ನಾನು ರೇಗಿಸುತ್ತಿದ್ದೆ. ಭಾನುವಾರಗಳಲ್ಲಿ ಮೊಸರು ಹಾಕಿದ ಕೇಕ್. ನಡುವೆ ಯಾವಾಗಲೂ ಕುಸಿದಿರುತ್ತಿತ್ತು. ಆದರೂ ಕೆಳಗಿನ ಮಹಡಿಯಿಂದ ನಾನು ತಟ್ಟೆ ಹಿಡಿದು ಹೋಗುತ್ತಿದ್ದೆ.

ನವರಾತ್ರಿಯ ಗೊಂಬೆ ಎತ್ತಿಟ್ಟ ಮೇಲೆ ಹ್ಯಾಲೋವೀನ್. ಫ್ಲಾಟಿನ ಮಕ್ಕಳು ಶಾಲೆಯಲ್ಲಿ ಕಲಿತು ಬಂದದ್ದನ್ನು ಮನ್ನಿ ತನ್ನದೇ ಹಬ್ಬ ಮಾಡಿಕೊಂಡಿದ್ದಳು. ಕಪ್ಪು ಕಾಗದದ ಬಾವಲಿ, ಹಳೆ ಪಂಚೆಯ ದೆವ್ವ. ನಮ್ಮಮ್ಮ ಭೀಮಾಬಾಯಿಗೆ ಅದನ್ನು ಕಂಡರೆ ಆಗದು. “ದೆವ್ವಾನ ಯಾರಾದ್ರೂ ಮನೆಗೆ ಕರೀತಾರೇನ್ಡೀ?” ಎನ್ನುವಳು. ಅವಳೇ ಆರಿಸಿ ತಂದ, ರಾಕ್ಷಸನ ಮುಖ ಬರೆದ ದೃಷ್ಟಿ ಕುಂಬಳಕಾಯಿ ಬಾಗಿಲಲ್ಲಿ ಹಲ್ಲು ಕಿರಿಯುತ್ತಿತ್ತು. “ಇದ್ಯಾರಮ್ಮ, ನಿನ್ನ ತಮ್ಮನಾ?” ಎಂದು ನಾನು ಕೇಳುತ್ತಿದ್ದೆ.

ಮದುವೆಯಾಗಿ ಹದಿಮೂರು ವರ್ಷಕ್ಕೆ, ಮೂವತ್ತೊಂಬತ್ತರಲ್ಲಿ, ಮನ್ನಿ ಬಸುರಿಯಾದಳು. ಆ ಅಕ್ಟೋಬರಿಗೆ ಐದು ತಿಂಗಳು. ಅದೇ ವರ್ಷ ತಾರಸಿಯ ಸಿಹಿಗುಂಬಳದ ಬಳ್ಳಿ ಒಂದೇ ಒಂದು ಕಾಯಿ ಬಿಟ್ಟಿತು. ಅದಕ್ಕೆ ಕಣ್ಣು ಮೂಗು ಕೊರೆದು ಒಳಗೆ ದೀಪ ಇಡುತ್ತೇನೆಂದು ಮಕ್ಕಳಿಗೆಲ್ಲ ಹೇಳಿಬಿಟ್ಟಿದ್ದಳು.

ನಮ್ಮ ಮನೆಯಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಚಾಕು ಹಾಕುವಂತಿಲ್ಲ. ಮೊದಲು ಗಂಡಸು ಒಂದು ಗೀರು ಎಳೆದುಕೊಡಬೇಕು, ಆಮೇಲೆ ನಾವು ಹೋಳು ಮಾಡಿಕೊಳ್ಳಬಹುದು. ಇಡೀ ಕಾಯಿ ಕೊಯ್ದರೆ ಹೊಟ್ಟೆಯ ಮಗುವನ್ನೇ ಕೊಯ್ದ ಹಾಗೆ ಎನ್ನುವುದು ಅಮ್ಮನ ನಂಬಿಕೆ. ಬಸುರಿಯಂತೂ ಅತ್ತ ನೋಡಲೂ ಬಾರದು. “ಸುಜಯಿ ಬರ್ಲಿ, ಅವನೇ ಕೊಯ್ಲಿ” ಎಂದು ಅಮ್ಮ ಹ್ಯಾಲೋವೀನ್ ದಿನ ಬೆಳಿಗ್ಗೆಯೇ ಹೇಳಿದ್ದಳು. ಅಣ್ಣ ಆಫೀಸಿನಲ್ಲಿ ಸಿಕ್ಕಿಬಿದ್ದ. ಸಂಜೆಗೆ ಮಕ್ಕಳು ಬಾಗಿಲಲ್ಲಿ ನಿಂತರು. ಮನ್ನಿ ನಗುತ್ತಲೇ ಚಾಕು ಹಾಕಿಬಿಟ್ಟಳು. ಅಮ್ಮ ದೇವರ ಕೋಣೆಯಿಂದ ಬರುವಷ್ಟರಲ್ಲಿ ಕಾಯಿಗೆ ಎರಡು ಕಣ್ಣು ಬಂದಿದ್ದವು.

ನಾಲ್ಕು ದಿನಕ್ಕೆ ಸ್ಕ್ಯಾನ್ ಇತ್ತು. ಮಗುವಿನ ಎದೆಬಡಿತ ಇರಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. “ಬೇಡ ಅಂದ್ನೋ ಇಲ್ವೋ? ಹೇಳಿದ್ನೋ ಇಲ್ವೋ?” ಬಂದವರಿಗೆಲ್ಲ ಅದೇ ಮಾತು. ಅಣ್ಣ ಎನಿಸಿಕೊಂಡವನು ನೆಲ ನೋಡುತ್ತಾ ಕೂತಿದ್ದ. ನನಗೆ ಪಿತ್ತ ನೆತ್ತಿಗೇರಿತು. “ಬಾಯಿ ಬಿಡೋ ದಂಡಪಿಂಡ! ಅವಳದ್ದೇನು ತಪ್ಪು ಅಂತ ಹೇಳೋ!” ಎಂದೆ. ಅವನು ಎದ್ದು ಕಾಫಿ ತರಲು ಹೋದ.

ಮನ್ನಿ ಮನೆಗೆ ಬಂದು ಮೂರು ವಾರ ತಾರಸಿ ಹತ್ತಲಿಲ್ಲ. ಬದನೆ ಒಣಗಿತು, ಪುದೀನ ಸುಟ್ಟುಹೋಯಿತು. ಓವನ್ನನ್ನು ಅವಳೇ ಅಟ್ಟಕ್ಕೆ ಹಾಕಿಸಿದಳು. “ತೃಪ್ತೀ, ಅಮ್ಮ ಹೇಳೋದು ಸರಿ. ನಾನೇ ಕೊಂದೆ” ಎಂದಳು ಒಮ್ಮೆ ನನಗೆ, ತರಕಾರಿಯ ಹೆಸರು ಹೇಳುವಷ್ಟು ಸಲೀಸಾಗಿ. ಈ ಹೆಣ್ಣು ಇನ್ನು ಬಾಳೆಲ್ಲ ತನ್ನನ್ನು ಕೊಲೆಗಾತಿ ಎಂದುಕೊಂಡೇ ಬದುಕಬೇಕೇ? ಅದನ್ನು ಹೇಗಾದರೂ ಅಳಿಸಬೇಕಿತ್ತು ನನಗೆ.

ಲ್ಯಾಬಿನ ರಿಪೋರ್ಟು ತರಲು ನಾನೇ ಹೋದೆ. ಹೊಕ್ಕುಳಬಳ್ಳಿ ಗಂಟು ಬಿದ್ದಿತ್ತಂತೆ. ಸ್ಕ್ಯಾನ್ ಆದ ದಿನಕ್ಕೆ ಮಗು ಹೋಗಿ ಕನಿಷ್ಠ ಹತ್ತು ದಿನವಾಗಿತ್ತು ಎಂದರು ಡಾಕ್ಟರಮ್ಮ. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಬೆರಳು ಮಡಿಚಿ ಲೆಕ್ಕ ಹಾಕಿದೆ. ಚಾಕು ಹಾಕುವುದಕ್ಕೆ ಆರು ದಿನ ಮೊದಲು! ಆಟೋದಲ್ಲಿ ಮನೆ ಮುಟ್ಟುವವರೆಗೂ ನನಗೆ ನಾಚಿಕೆಗೆಟ್ಟ ಸಂತೋಷ.

ಮನ್ನಿ ಮಂಚದ ಮೇಲಿದ್ದಳು, ಅಮ್ಮ ಕೆಳಗೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಅಮ್ಮನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ. “ನೋಡು ಮನ್ನಿ, ನೀನಲ್ಲ. ಕುಂಬಳಕಾಯೂ ಅಲ್ಲ. ಅದಕ್ಕೂ ಆರು ದಿನ ಮುಂಚೇನೇ ಆಗಿಹೋಗಿತ್ತು.” ಅಮ್ಮನ ಕೈ ನಿಂತಿತು.

ಮನ್ನಿ ಕಾಗದವನ್ನು ನಿಧಾನವಾಗಿ ಓದಿದಳು.

“ಆರು ದಿನ ಮುಂಚೇನಾ? ಖಂಡಿತಾನಾ?”

“ಖಂಡಿತ ಮನ್ನಿ. ಎರಡು ಸಲ ಕೇಳ್ದೆ.”

“ಅವತ್ತು ಕುಂಬಳಕಾಯೊಳಗೆ ದೀಪ ಹಚ್ಚಿದಾಗ ಮಗು ಒದೀತು ತೃಪ್ತಿ. ಮೊದಲನೇ ಸಲ. ಯಾರಿಗೂ ಹೇಳ್ಲಿಲ್ಲ, ಒಂದ್ ದಿನ ನಂಗೊಬ್ಳಿಗೇ ಇರ್ಲಿ ಅಂತ.”

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸು ಕೊಟ್ಟಳು.

“ಇದನ್ಯಾಕೆ ತಂದೆ? ನಾನು ಕೊಂದಿದ್ದೇ ಆಗ್ಲಿ ಬಿಡು. ಅವತ್ತು ಬದುಕಿತ್ತಲ್ಲ.”