ಗಂಜಿ ಹಚ್ಚಿದ ನೊಣಗಳು

1937ರ ಡಿಸೆಂಬರ್, ಬುಧವಾರ, ಬೆಳಿಗ್ಗೆ ಆರೂವರೆ. ಚಿಕ್ಕಪಡಸಲಗಿಯ ಬಳಿ ಕೃಷ್ಣೆಯ ದಡದಲ್ಲಿ ಇದ್ದವರು ಮೂವರು: ಜಮಖಂಡಿ ಸಂಸ್ಥಾನದ ಅತಿಥಿಗೃಹದಲ್ಲಿ ಕಾರಕೂನನಾಗಿದ್ದ ನಾನು, ಬನಹಟ್ಟಿಯಿಂದ ಹಿಂದಿನ ದಿನವೇ ಬಂದಿದ್ದ ನನ್ನ ಸೋದರಮಾವ, ಮತ್ತು ಅತಿಥಿಗಳಾಗಿದ್ದ ಬೆಳಗಾವಿ ಕಡೆಯ ಹಿರಿಯ ಡಾಕ್ಟರು.

ಮಾವ ನೇಕಾರ. ಆ ವರ್ಷ ಅವನ ಬಲಮೊಣಕಾಲು ಮಡಚದಂತಾಗಿ, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯುವುದು ನಿಂತುಹೋಗಿತ್ತು. ಕೈಗಳು ಮಾತ್ರ ಮೊದಲಿನಷ್ಟೇ ಚುರುಕು. ಕೆಲಸವಿಲ್ಲದ ಆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ತಿಂಗಳಿಂದ ಮನೆಯವರ ಮೇಲೆಲ್ಲ ಸಿಡುಕುತ್ತಿದ್ದ.

ಡಾಕ್ಟರು ನೀಲಗಿರಿಯ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುತ್ತಿದ್ದವರು. ಸಣ್ಣ ಗಾಳಕ್ಕೆ ನೂಲು ಸುತ್ತಿ, ಹುಂಜದ ಕತ್ತಿನ ಗರಿ ಕಟ್ಟಿ ಮಾಡಿದ ನೊಣವನ್ನು ನೀರಿನ ಮೇಲೆ ತೇಲಿಬಿಟ್ಟರೆ ಆ ಮೀನು ನಿಜವಾದ ನೊಣವೆಂದು ಬಾಯಿ ಹಾಕುತ್ತದೆ. ಅವರ ಗೆಳೆಯರು ಇಂಥ ನೊಣಗಳನ್ನು ವಿಲಾಯತಿಯಿಂದ ತರಿಸುತ್ತಿದ್ದರು. ಹಿಂದಿನ ವಾರ ನಾನು ಮಾವನ ಸಂಗತಿ ಹೇಳಿದಾಗ ಡಾಕ್ಟರು ಬನಹಟ್ಟಿಗೆ ಕಳಿಸಲು ಒಂದು ಮಾದರಿಯನ್ನೂ ಒಂದಿಷ್ಟು ಗಾಳಗಳನ್ನೂ ಕೊಟ್ಟು, "ಅವರು ಕಟ್ಟಿದ್ದು ತೇಲಿ, ನಿಮ್ಮ ಹೊಳಿ ಮೀನಾ ಬಾಯಿ ಹಾಕಿದ್ರ ಸಾಕು, ಕೆಲಸಾ ಕಾಯಂ" ಎಂದಿದ್ದರು. ಈ ಬುಧವಾರ ಸಂಜೆ ನಾಲ್ಕಕ್ಕೆ ಅವರು ಕುಡಚಿ ಸ್ಟೇಷನ್ನಿಗೆ ಹೊರಡುವವರಿದ್ದರು.

ಮಾವ ಹನ್ನೆರಡು ನೊಣ ಕಟ್ಟಿ ತಂದಿದ್ದ. ಕೆಂಪು, ಹಳದಿ, ಹಸಿರು, ಒಂದೊಂದೂ ಸೀರೆಯ ಅಂಚಿನಂತೆ ಹೊಳೆಯುತ್ತಿತ್ತು. ಡಾಕ್ಟರು ಮೊದಲನೆಯದನ್ನು ಗಾಳದ ಕೋಲಿನ ದಾರಕ್ಕೆ ಕಟ್ಟಿ ನೀರಿಗೆ ಬೀಸಿದರು. ಮುಳುಗಿತು. ಎರಡನೆಯದೂ ಮುಳುಗಿತು.

"ಏನ್ರಿ ಯಜಮಾನ್ರ, ನಿಮ್ಮ ನೊಣಾ ಈಸಾಕ ಬಂದಾವೋ, ಜೀವಾ ಕೊಡಾಕ ಬಂದಾವೋ?"

ನನಗೆ ನಗು ತಡೆಯಲಾಗಲಿಲ್ಲ. "ಹಲ್ಲ ಕಿಸೀಬ್ಯಾಡಲೇ!" ಎಂದು ಮಾವ ಗದರಿದ.

ಒದ್ದೆ ನೊಣವನ್ನು ಬೆರಳಲ್ಲಿ ಹಿಡಿದೆ. ಅಂಟಂಟಾಗಿತ್ತು.

"ಮಾವ, ನೂಲಿಗೆ ಗಂಜಿ ಹಚ್ಚೀಯೇನು?"

"ಹಚ್ಚಲಾರದ ಬಿಡ್ತಾರೇನಲೇ? ಗಂಜಿ ಇಲ್ಲದ ನೂಲಾ ಯಾವ ನೇಕಾರ ಮುಟ್ತಾನ?"

ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲಿಗೆ ಬಿಗಿ ಕೊಡುವ ಗಂಜಿ ಹೊಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಡಾಕ್ಟರು ಇನ್ನೊಂದು ನೊಣಕ್ಕೆ ಮೇಣಬತ್ತಿ ಉಜ್ಜಿ ಬೀಸಿದರು. ಅದು ಸ್ವಲ್ಪ ಹೊತ್ತು ತೇಲಿತು. ಅದರ ಪಕ್ಕದಲ್ಲೇ ಮೀನುಗಳು ಬೇರೆ ಏನನ್ನೋ ಹಿಡಿಯುತ್ತಿದ್ದವು, ಇದರತ್ತ ತಿರುಗಲೂ ಇಲ್ಲ.

"ಮದಿವಿ ಸೀರಿ ಉಟ್ಟ ನೊಣಾ ಅವು ಯಾವತ್ತ ಕಂಡಾವ್ರಿ? ನೀರಿನ ಮ್ಯಾಲ ಏನ್ ಹೊಂಟೈತಿ, ಮೊದಲ ಅದನ್ನ ನೋಡ್ರಿ" ಎಂದರು ಡಾಕ್ಟರು.

ಮಾವನ ಮುಖ ಸಣ್ಣದಾಯಿತು. ಆದರೂ ಕೋಲೂರಿ ನೀರಿನ ಅಂಚಿಗೆ ಇಳಿದ. ಪ್ರವಾಹದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹುಳಗಳು ರೆಕ್ಕೆ ಎತ್ತಿಕೊಂಡು ತೇಲಿ ಬರುತ್ತಿದ್ದವು. ಒಂದನ್ನು ಅಂಗೈಗೆ ತೆಗೆದುಕೊಂಡು, ನೂಲಿನ ಲಡಿ ಪರೀಕ್ಷಿಸುವವನಂತೆ ಬೆಳಕಿಗೆ ಹಿಡಿದ.

"ಬೂದಿ ಬಣ್ಣಾ. ಹೊಟ್ಟಿಗೆ ಇಷ್ಟ ಹಳದಿ."

ಆಮೇಲೆ ತಲೆಯ ರುಮಾಲು ಬಿಚ್ಚಿದ. ಹಳದಿ ರುಮಾಲು ವರ್ಷಗಟ್ಟಲೆ ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು, ಗಂಜಿಯ ಸುಳಿವೂ ಉಳಿದಿರಲಿಲ್ಲ. ಅಂಚಿನಿಂದ ಒಂದು ಎಳೆ ಹಿರಿದು, ಮೇಣ ಉಜ್ಜಿ, ಗಾಳಕ್ಕೆ ಸುತ್ತಿದ. ತಾನು ತಂದಿದ್ದ ಹುಂಜದ ಗರಿಗಳಲ್ಲಿ ಬಿರುಸಾದ ಒಂದನ್ನು ಆರಿಸಿ, ಗರಿಯ ಎಳೆಗಳು ಸುತ್ತಲೂ ಚಾಚಿ ನಿಲ್ಲುವಂತೆ ಕಟ್ಟಿದ. ಆಗ ಎಂಟೂಮುಕ್ಕಾಲು.

ಡಾಕ್ಟರು ಬೀಸಿದರು. ನೊಣ ಇಳಿದು ಗರಿಯ ತುದಿಗಳ ಮೇಲೆ ನಿಂತಿತು. ಒಂದು ಮಾರು ತೇಲಿತು. ಇನ್ನೊಂದು ಮಾರು. ನೀರು ಚಳ್ಳೆಂದು ಒಡೆಯಿತು, ಗಾಳದ ಕೋಲಿನ ತುದಿ ಬಾಗಿತು.

"ಹಿಡಿತಲೇ! ಹಿಡಿತು!" ಎಂದು ಮಾವ ಕುಂಟುತ್ತಲೇ ಎರಡು ಹೆಜ್ಜೆ ನೀರಿಗಿಳಿದ. ಗೇಣುದ್ದದ ಬೆಳ್ಳಿ ಮೀನು.

"ಇಂಥಾವ ಆರು ಕಟ್ಟಿಕೊಡ್ರಿ, ಗೆಳ್ಯಾರಿಗೆ ತೋರಸ್ತೇನಿ" ಎಂದರು ಡಾಕ್ಟರು. "ಮುಂದ ಎಷ್ಟ ಬೇಕಂತ ಅವರ ನಿಮಗ ಪತ್ರಾ ಹಾಕ್ತಾರ. ಒಬ್ಬರ ಕೈಲೆ ಮುಗಿಯೂ ಕೆಲಸಲ್ಲ ಅದು."

"ಮನ್ಯಾಗ ಇನ್ನೂ ಎರಡ ಜೋಡಿ ಕೈ ಅದಾವ್ರಿ" ಎಂದ ಮಾವ.

ಅತಿಥಿಗೃಹದ ಪಡಸಾಲೆಯಲ್ಲಿ ಕಾಲು ನೀಡಿ ಕೂತು, ಊಟದ ಕರೆಗೂ ಏಳದೆ ಕಟ್ಟಿದ. ಆರನೆಯದರ ಗಂಟು ಬಿಗಿದಾಗ ಮೂರೂವರೆ. ನಾನು ಅವುಗಳನ್ನು ಅರಳೆಯಲ್ಲಿರಿಸಿ ತಗಡಿನ ಡಬ್ಬಿಗೆ ಹಾಕಿ, ಮೇಲೆ ಮಾವನ ವಿಳಾಸ ಬರೆದು ಅಂಟಿಸಿ, ನಾಲ್ಕಕ್ಕೆ ಹತ್ತು ನಿಮಿಷ ಮುಂಚಿತವಾಗಿಯೇ ಡಾಕ್ಟರ ಮೋಟಾರಿನಲ್ಲಿ ಇಟ್ಟೆ.